ದೋಆಬಿನವರು ದ್ವೀಪಕ್ಕೆ ಹೊರಟರೆ

ರಾಯಚೂರು ಸೀಮೆಗೆ ಇತಿಹಾಸದ ಪುಸ್ತಕಗಳಲ್ಲಿ ದೋಆಬ್ ಎಂಬ ಹೆಸರುಂಟು. ಪಾರಸಿಯಲ್ಲಿ ‘ದೋ’ ಎಂದರೆ ಎರಡು, ‘ಆಬ್’ ಎಂದರೆ ನೀರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ಇರುವುದೇ ದೋಆಬ್. ಈ ಪಾರಸಿ ಮಾತಿಗೆ ಸಂಸ್ಕೃತದಲ್ಲಿ ಒಬ್ಬ ಒಡಹುಟ್ಟಿದವನಿದ್ದಾನೆ. ‘ದ್ವಿ’ ಮತ್ತು ‘ಅಪ್’ ಕೂಡಿ ಆದ ಆ ಮಾತು ‘ದ್ವೀಪ’. ಅಲ್ಲಿಯೂ ಎರಡು, ಇಲ್ಲಿಯೂ ಎರಡು. ಅಲ್ಲಿಯೂ ನೀರು, ಇಲ್ಲಿಯೂ ನೀರು. ಮಾತಿನ ಲೆಕ್ಕದಲ್ಲಿ ರಾಯಚೂರಿನವರು ಹುಟ್ಟಿನಿಂದಲೇ ದ್ವೀಪವಾಸಿಗಳು ಎನ್ನಬಹುದು. ಆದರೂ ಈ ಸೀಮೆಯ ಎಷ್ಟೋ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಕಡಲನ್ನೇ ಕಂಡಿರುವುದಿಲ್ಲ. ಸುತ್ತಲೂ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ ಎಂದು ಬರೆದು ಒಂದು ಅಂಕ ಪಡೆಯುತ್ತಾರೆ. ಅಲ್ಲಿಗೆ ದ್ವೀಪದ ಸಂಗತಿ ಮುಗಿಯುತ್ತದೆ.

ಚಂದ್ರಬಂಡದ ಒಂದು ಮನೆಯಲ್ಲಿ ಮಾತ್ರ ಅದು ಅಷ್ಟಕ್ಕೆ ಮುಗಿಯಲಿಲ್ಲ. ಹತ್ತಿ, ತೊಗರಿ ಬೆಳೆಯುವ ಸಾಧಾರಣ ಒಕ್ಕಲು ಮನೆ ಅದು. ಅಜ್ಜ, ಅಪ್ಪ, ಅವ್ವ, ಒಂಬತ್ತನೆಯ ತರಗತಿಯ ಮಗಳು, ಏಳನೆಯ ತರಗತಿಯ ಮಗ. ಅಪ್ಪನ ಮೊಬೈಲಿನಲ್ಲಿ ಮಗ ಒಂದು ಚಿತ್ರ ನೋಡಿದ. ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ, ಕೆಳಗೆ ‘ಉಷ್ಣವಲಯದ ದ್ವೀಪದಲ್ಲಿ ರಜೆ ಕಳೆಯಿರಿ’ ಎಂಬ ಒಕ್ಕಣೆ. ಹತ್ತಿಗೆ ಆ ವರ್ಷ ಪರವಾಗಿಲ್ಲ ಎನ್ನುವಂಥ ಬೆಲೆ ಸಿಕ್ಕಿತ್ತು. ಬೇಸಿಗೆ ರಜೆಗೆ ಎಲ್ಲಿಗಾದರೂ ಕರೆದೊಯ್ಯುತ್ತೇನೆಂದು ಅಪ್ಪ ಬಾಯಿ ತಪ್ಪಿ ಅಂದದ್ದೂ ಆಗಿತ್ತು. ಮಗ ಆ ಮಾತನ್ನು ಹಿಡಿದುಕೊಂಡ.

ಮಾಲ್ದೀವ್ಸ್, ಬಾಲಿ ಎಂಬ ಹೆಸರುಗಳು ಪಾಸ್‌ಪೋರ್ಟ್ ಎಂಬ ಒಂದೇ ಶಬ್ದಕ್ಕೆ ಬಿದ್ದುಹೋದವು. ಅಂಡಮಾನ್ ವಿಮಾನದ ಖರ್ಚಿಗೆ ಬಿತ್ತು. ಲಕ್ಷದ್ವೀಪಕ್ಕೆ ಹೋಗಲು ಮೊದಲು ಪರವಾನಗಿ ಪಡೆಯಬೇಕು, ಆಮೇಲೆ ಹಡಗನ್ನೋ ವಿಮಾನವನ್ನೋ ಹಿಡಿಯಬೇಕು. ಹುಡುಗನ ಮುಖ ಸಪ್ಪಗಾಯಿತು. ಆಗ ಮಗಳು ಶಾಲೆಯ ಅಟ್ಲಾಸು ತಂದು ಹಾಸಿದಳು. ಉಷ್ಣವಲಯ ಎಂದರೆ ಕರ್ಕಾಟಕ ವೃತ್ತಕ್ಕೂ ಮಕರ ವೃತ್ತಕ್ಕೂ ನಡುವಿನ ಪಟ್ಟಿ. ಅಂದರೆ ಉತ್ತರಕ್ಕೂ ದಕ್ಷಿಣಕ್ಕೂ ಇಪ್ಪತ್ತಮೂರೂವರೆ ಡಿಗ್ರಿಯೊಳಗಿನ ನೆಲ. ಚಂದ್ರಬಂಡ ಇರುವುದು 16 ಡಿಗ್ರಿಯ ಆಸುಪಾಸು. ಉಡುಪಿ ಹತ್ತಿರದ ಮಲ್ಪೆ 13 ಡಿಗ್ರಿಯ ಚಿಲ್ಲರೆ. ಮಲ್ಪೆಯ ದಂಡೆಯಿಂದ ಸುಮಾರು 6 ಕಿ.ಮೀ. ದೂರದಲ್ಲಿ ಕಡಲೊಳಗೆ ಸೇಂಟ್ ಮೇರಿಸ್ ದ್ವೀಪಗಳಿವೆ. ಸ್ಥಳೀಯರು ತೋನ್ಸೆಪಾರ್ ಎನ್ನುತ್ತಾರೆ. ತೆಂಗಿನ ಮರಗಳೂ ಉಂಟು. ಉಷ್ಣವಲಯವೂ ಆಯಿತು, ದ್ವೀಪವೂ ಆಯಿತು, ಕನ್ನಡನಾಡೂ ಆಯಿತು. ರಾಯಚೂರಿನಿಂದ ರಸ್ತೆಯಲ್ಲಿ ಸುಮಾರು 500 ಕಿ.ಮೀ. ಅಪ್ಪ ಹೂಂ ಅಂದ.

ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಕೇಳಿದ, ‘ನಡುಗಡ್ಡಿ ನೋಡಾಕ ಅಷ್ಟು ದೂರ ಯಾಕ ಹೋಗಬೇಕು? ನಮ್ಮ ಕೃಷ್ಣಾದಾಗ ಇಲ್ಲೇನು?’

ಅಜ್ಜನ ಪ್ರಶ್ನೆ ಸುಳ್ಳಲ್ಲ. ರಾಯಚೂರು ತಾಲ್ಲೂಕಿನಲ್ಲೇ ಕೃಷ್ಣೆಯ ಹರಿವಿನ ನಡುವೆ ಕುರ್ವಕಲಾ, ಕುರ್ವಕುರ್ದಾ ಎಂಬ ನಡುಗಡ್ಡೆಯ ಊರುಗಳಿವೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರವೂ ಅದೇ ನದಿಯ ಗಡ್ಡೆ. ಅದಕ್ಕೆ ಭಕ್ತರು ತೆಪ್ಪದಲ್ಲಿ ದಾಟಿ ಹೋಗುವುದುಂಟು. ಆದರೆ ಅಜ್ಜ ಈ ಊರುಗಳನ್ನು ನೆನೆಯುತ್ತಿದ್ದುದು ವಿಹಾರಕ್ಕಾಗಿ ಅಲ್ಲ. 2009ರ ಅಕ್ಟೋಬರಿನಲ್ಲಿ ನದಿಗಳು ಉಕ್ಕಿ ರಾಯಚೂರು ಸೀಮೆಯೇ ತತ್ತರಿಸಿದ್ದನ್ನು, 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಹೊರೆಗಟ್ಟಲೆ ನೀರು ಬಿಟ್ಟಾಗ ಗಡ್ಡೆಯ ಊರುಗಳು ದಡದ ಸಂಪರ್ಕ ಕಳೆದುಕೊಂಡದ್ದನ್ನು ಅವನು ಮರೆತಿಲ್ಲ. ಅಂಥ ದಿನಗಳಲ್ಲಿ ಅಲ್ಲಿ ಕಾಯಿಲೆ ಬಿದ್ದವರಿಗೆ ಆಸ್ಪತ್ರೆ ಇಲ್ಲ, ಮಕ್ಕಳಿಗೆ ಶಾಲೆ ಇಲ್ಲ, ಕಿರಾಣಿ ಇಲ್ಲ. ‘ನೀರಾಗ ಸಿಕ್ಕೊಂಡ ಊರು ಯಾವಾಗ ದಡ ಸೇರೇವು ಅಂತ ಕಾಯ್ತಾವು. ನೀವು ರೊಕ್ಕ ಕೊಟ್ಟು ನೀರಾಗ ಸಿಕ್ಕೊಳ್ಳಾಕ ಹೊಂಟೀರಿ’ ಎಂದು ಅಜ್ಜ ನಕ್ಕ.

ನಗೆಯ ಮಾತಾದರೂ ಅದರಲ್ಲಿ ತಿರುಳಿತ್ತು. ದ್ವೀಪವೆಂದರೆ ಚಿತ್ರದ ಪಟವಲ್ಲ. ಅಲ್ಲಿಗೆ ಹೋಗುವುದೂ ಅಲ್ಲಿಂದ ಬರುವುದೂ ನೀರು ಒಪ್ಪಿದರೆ ಮಾತ್ರ. ಇದ್ದದ್ದರಲ್ಲೇ ಬದುಕಬೇಕು, ಹೆಚ್ಚಾದದ್ದನ್ನು ಎಸೆಯಲು ಬೇರೆ ಜಾಗ ಇರುವುದಿಲ್ಲ. ಕೃಷ್ಣೆಯ ಗಡ್ಡೆಗೂ ಅರಬ್ಬಿ ಸಮುದ್ರದ ಗಡ್ಡೆಗೂ ಈ ನಿಯಮ ಒಂದೇ. ಮಗಳು ಒಂದು ನೋಟುಬುಕ್ಕಿನಲ್ಲಿ ಪ್ರವಾಸದ ಯೋಜನೆ ಬರೆಯತೊಡಗಿದಳು. ಅದರ ಮೊದಲ ಪುಟದಲ್ಲಿ ಅಜ್ಜನ ಮಾತನ್ನೇ ಬರೆದಿಟ್ಟಳು.

ಆದರೆ ಯೋಜನೆ ಎರಡನೆಯ ಪುಟಕ್ಕೆ ಹೋಗುವ ಮೊದಲೇ ಅವ್ವ ಬಂದು ನಿಂತಳು. ‘ಯಾರೂ ಎಲ್ಲಿಗೂ ಹೋಗಾದು ಬ್ಯಾಡ’ ಎಂದಳು. ಅವಳ ಮನಸ್ಸಿನಲ್ಲಿದ್ದುದು ಒಂದು ಸುದ್ದಿ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಬಂದ ಮಕ್ಕಳಲ್ಲಿ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಅವರೂ ಬಯಲುಸೀಮೆಯ ಮಕ್ಕಳೇ. ಅವರ ಅವ್ವಂದಿರೂ ಬುತ್ತಿ ಕಟ್ಟಿ, ತಲೆ ಬಾಚಿ, ಬಸ್ಸಿನ ಕಿಟಕಿಗೆ ಕೈ ಬೀಸಿ ಕಳಿಸಿದವರೇ. ಟಿ.ವಿ.ಯಲ್ಲಿ ಅದನ್ನು ನೋಡಿದ ರಾತ್ರಿ ಚಂದ್ರಬಂಡದ ಈ ಅವ್ವ ಊಟ ಮಾಡಿರಲಿಲ್ಲ.

‘ನನಗ ಈಜು ಬರ್ತೈತಿ’ ಎಂದು ಮಗ ಎದೆ ಸೆಟೆಸಿದ. ಬಾವಿಯಲ್ಲಿ ಮೇಲಿಂದ ಜಿಗಿಯುವವರಲ್ಲಿ ಅವನೂ ಒಬ್ಬ. ಈ ಮಾತಿನಿಂದ ಅವ್ವನ ಹೆದರಿಕೆ ಇನ್ನೂ ಹೆಚ್ಚಾಯಿತು. ಅವಳು ಹೆದರಿದ್ದರಲ್ಲಿ ತಪ್ಪೇನಿಲ್ಲ. ಕಡಲಿನಲ್ಲಿ ಈಜು ಬಾರದವನಿಗೆ ಎಷ್ಟು ಅಪಾಯವೋ ಬಾವಿಯಲ್ಲಿ ಈಜು ಕಲಿತು ಧೈರ್ಯ ಮಾಡುವವನಿಗೂ ಅಷ್ಟೇ ಅಪಾಯ.

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಬಾವಿಯ ನೀರು ನಿಂತ ನೀರು. ಕಡಲಿನ ದಂಡೆಯ ನೀರು ಎಂದೂ ನಿಲ್ಲುವುದಿಲ್ಲ. ಅಲೆಗಳು ಒಂದರ ಹಿಂದೊಂದು ನೀರನ್ನು ದಂಡೆಗೆ ತಂದು ಸುರಿಯುತ್ತಲೇ ಇರುತ್ತವೆ. ಹೀಗೆ ಬಂದ ನೀರು ಹಿಂದಕ್ಕೆ ಹೋಗಲೇಬೇಕಲ್ಲ? ಮರಳಿನ ದಿಬ್ಬಗಳ ನಡುವೆ ಎಲ್ಲಿ ಆಳದ ಸಂದಿ ಇದೆಯೋ ಅಲ್ಲಿ ಅದು ಒಟ್ಟುಗೂಡಿ, ಕಾಲುವೆಯ ತೂಬು ಎತ್ತಿದಂತೆ, ರಭಸದಿಂದ ಕಡಲ ಕಡೆಗೆ ಓಡುತ್ತದೆ. ಇದೇ ಸೆಳವು. ವಿಚಿತ್ರವೆಂದರೆ ಸೆಳವು ಇರುವ ಕಡೆ ಅಲೆಗಳು ಕಡಿಮೆ ಒಡೆಯುವುದರಿಂದ ಆ ಜಾಗ ಸುತ್ತಲಿನದಕ್ಕಿಂತ ಶಾಂತವಾಗಿ ಕಾಣುತ್ತದೆ. ಹೊಸಬರು ಅಲೆಗೆ ಹೆದರಿ, ಇಲ್ಲಿ ನೀರು ಸುಮ್ಮನಿದೆ ಎಂದು ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ. ಜೋರಾದ ಸೆಳವು ಸೆಕೆಂಡಿಗೆ 2 ಮೀಟರನ್ನೂ ಮೀರಿ ಓಡಬಲ್ಲದು. ಒಲಿಂಪಿಕ್ ಕೂಟದಲ್ಲಿ 100 ಮೀಟರ್ ಈಜಿ ಪದಕ ಗೆಲ್ಲುವವನ ವೇಗವೂ ಹೆಚ್ಚುಕಡಿಮೆ ಅಷ್ಟೇ. ಅದರ ಎದುರು ಈಜಿ ದಂಡೆ ಸೇರುತ್ತೇನೆಂದು ಹೊರಟವನು ಇದ್ದಲ್ಲೇ ಕೈ ಬಡಿದು ಸೋಲುತ್ತಾನೆ. ಹೆಚ್ಚಿನವರನ್ನು ಮುಳುಗಿಸುವುದು ಈ ಆಯಾಸ. ಸೆಳವು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಆದ್ದರಿಂದ ಸಿಕ್ಕಿಬಿದ್ದವರು ಎದುರಾಡದೆ ತೇಲಬೇಕು, ಕೈಯೆತ್ತಿ ಕೂಗಬೇಕು, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ ಸೆಳವಿನ ಪಟ್ಟಿಯಿಂದ ಹೊರಗೆ ಬರಬೇಕು. ನೋಡುತ್ತ ನಿಂತವರು ತಾವೂ ಜಿಗಿಯದೆ ರಕ್ಷಕರನ್ನು ಕೂಗಬೇಕು, ಹಗ್ಗವನ್ನೋ ತೇಲುವ ಯಾವುದಾದರೊಂದು ವಸ್ತುವನ್ನೋ ಎಸೆಯಬೇಕು. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಹೋದ ಉದಾಹರಣೆಗಳು ಬಹಳ.

ಉಪ್ಪುನೀರು ತಾನಾಗಿ ತೇಲಿಸುತ್ತದೆ ಎಂಬ ನಂಬಿಕೆಯನ್ನು ಮಗಳು ಅಡುಗೆಮನೆಯಲ್ಲೇ ಒರೆಗೆ ಹಚ್ಚಿದಳು. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಷ್ಟೇ ಉಪ್ಪನ್ನು ಒಂದು ಲೀಟರ್ ನೀರಿಗೆ ಕದಡಿ ತಾಜಾ ಮೊಟ್ಟೆಯನ್ನು ಬಿಟ್ಟಳು. ಮೊಟ್ಟೆ ತಳಕ್ಕೆ ಹೋಗಿ ಕೂತಿತು. ಅದು ತೇಲಬೇಕಾದರೆ ಉಪ್ಪು ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಬೇಕು. ತಮ್ಮ ಪಾತ್ರೆಯನ್ನೇ ನೋಡುತ್ತ ನಿಂತ. ಆಮೇಲೆ ಬಾವಿಯ ಜಿಗಿತದ ಮಾತು ಎತ್ತಲಿಲ್ಲ.

ಅವ್ವ ಇದನ್ನೆಲ್ಲ ಕೇಳಿದಳು. ಹೆದರಿಕೆ ಹೋಗಲಿಲ್ಲ, ಆದರೆ ಅದಕ್ಕೊಂದು ಆಕಾರ ಬಂತು. ಮೊದಲು ‘ಕಡಲು’ ಎಂದು ಹೆದರುತ್ತಿದ್ದವಳು ಈಗ ಇಂಥಿಂಥದಕ್ಕೆ ಎಂದು ಹೆದರತೊಡಗಿದಳು. ಇಂಥಿಂಥದಕ್ಕೆ ಎಂದು ಗೊತ್ತಾದರೆ ಅದಕ್ಕೆ ತಕ್ಕ ಷರತ್ತು ಹಾಕಲು ಬರುತ್ತದೆ. ಮೊಣಕಾಲು ಮುಳುಗುವಷ್ಟು ನೀರಿಗಿಂತ ಮುಂದೆ ಯಾರೂ ಹೋಗಕೂಡದು. ಜೀವರಕ್ಷಕರು ಇರುವಲ್ಲಿ ಮಾತ್ರ ನೀರಿಗೆ ಇಳಿಯಬೇಕು. ಕೆಂಪು ಬಾವುಟ ಇದ್ದರೆ ಇಳಿಯಲೇಬಾರದು. ದೋಣಿಯಲ್ಲಿ ಎಲ್ಲರೂ ತೇಲುಜಾಕೀಟು ತೊಡಬೇಕು, ಅಪ್ಪನೂ ಸೇರಿ. ದ್ವೀಪದ ಅಂಚಿನ ಬಂಡೆಗಳ ಮೇಲೆ ಪಾಚಿ ಜಾರುತ್ತದೆ, ಅಲೆ ಹೇಳಿ ಬರುವುದಿಲ್ಲ. ಅಲ್ಲಿ ಬೆನ್ನು ತಿರುಗಿಸಿ ಫೋಟೋ ತೆಗೆಸಿಕೊಳ್ಳಕೂಡದು. ಈ ಐದನ್ನೂ ಅವ್ವ ಹೇಳಿ ಬರೆಸಿದಳು. ಪ್ರವಾಸಕ್ಕೆ ಹೊರಡುವ ಯಾವ ಶಾಲೆಯಾದರೂ ಇವನ್ನು ಬಸ್ಸು ಹತ್ತುವ ಮೊದಲು ಓದಿ ಹೇಳಬಹುದು. ‘ಕಳಿಸುವುದಿಲ್ಲ’ ಎನ್ನುವುದು ಪಾಲಕರಿಗೆ ಸುಲಭ, ‘ಹೋಗಿ ಬಾ’ ಎನ್ನುವುದೂ ಸುಲಭ. ಎರಡರ ನಡುವೆ ಕೂತು ಕೇಳುವುದು, ಓದುವುದು, ಷರತ್ತು ಹಾಕುವುದು ಕಷ್ಟ; ಮಕ್ಕಳನ್ನು ಕಾಯುವುದು ಅದೇ.

ಇನ್ನು ಯಾವಾಗ ಹೋಗುವುದು ಎಂಬ ಪ್ರಶ್ನೆ. ಇದರಲ್ಲಿ ನಾಲ್ಕು ಪಂಚಾಂಗಗಳು ಕೂಡಬೇಕಾಗಿತ್ತು: ಹೊಲದ್ದು, ಶಾಲೆಯದು, ಕಡಲಿನದು, ಚಂದ್ರನದು. ದಸರೆಗೆ ಶಾಲೆಗೆ ರಜೆ, ಆದರೆ ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ಶುರುವಾಗಿರುತ್ತದೆ. ಸಂಕ್ರಾಂತಿಗೂ ಅದು ಮುಗಿದಿರುವುದಿಲ್ಲ. ಜೂನಿನಲ್ಲಿ ಬಿತ್ತನೆ, ಅತ್ತ ಕಡಲೂ ಮುಚ್ಚಿರುತ್ತದೆ. ಮುಂಗಾರಿನಲ್ಲಿ ದ್ವೀಪಕ್ಕೆ ಪ್ರವಾಸಿ ದೋಣಿಗಳು ಹೋಗುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೂ ನಿಷೇಧ. ಅದು ಮೀನು ಮರಿ ಮಾಡುವ ಕಾಲ, ಕಡಲು ಕೆರಳುವ ಕಾಲವೂ ಹೌದು. ಮೇ ತಿಂಗಳ ನಡುವಿನ ಮೇಲೆ ಅರಬ್ಬಿ ಸಮುದ್ರವನ್ನು ನಂಬುವಂತಿಲ್ಲ. 2021ರಲ್ಲಿ ತೌಕ್ತೆ ಚಂಡಮಾರುತ ಕರ್ನಾಟಕದ ಕರಾವಳಿಯನ್ನು ಹೊಡೆದದ್ದು ಆ ಹೊತ್ತಿನಲ್ಲೇ. ಎಲ್ಲ ಕಳೆದು ಉಳಿದದ್ದು ಏಪ್ರಿಲ್ ನಡುಭಾಗ. ಯುಗಾದಿ ಮುಗಿದಿರುತ್ತದೆ, ಪರೀಕ್ಷೆ ಮುಗಿದಿರುತ್ತದೆ, ಹೊಲ ಖಾಲಿ. ಬಿಸಿಲು ಇರುತ್ತದೆ, ಆದರೆ ರಾಯಚೂರಿನವರಿಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ದಿನ ಗೊತ್ತುಮಾಡುವಾಗ ಅಜ್ಜನ ಪಂಚಾಂಗ ಕೆಲಸಕ್ಕೆ ಬಂತು. ಕಡಲಿನ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಇಂದು ಬೆಳಿಗ್ಗೆ ಎಂಟಕ್ಕೆ ಉಬ್ಬರವಾದರೆ ನಾಳೆ ಅದು ಸುಮಾರು 50 ನಿಮಿಷ ತಡ. ಚಂದ್ರ ಹುಟ್ಟುವುದೂ ದಿನದಿಂದ ದಿನಕ್ಕೆ ಸರಾಸರಿ ಅಷ್ಟೇ ತಡ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ನೀರಿನ ಏರಿಳಿತ ದೊಡ್ಡದು. ಅಷ್ಟಮಿಯ ಸುತ್ತ ಚಿಕ್ಕದು. ಅಷ್ಟಮಿ ಆಸುಪಾಸಿನ ದಿನವೇ ಇರಲಿ ಎಂದು ಮೊಮ್ಮಗಳು ಹೇಳಿದಾಗ ಅಜ್ಜ ಕನ್ನಡಕ ಏರಿಸಿ ತಿಥಿ ನೋಡಿದ. ಒಳ್ಳೆಯ ದಿನ ಕೆಟ್ಟ ದಿನ ನೋಡಲು ತೆರೆಯುತ್ತಿದ್ದ ಪುಸ್ತಕ ಕಡಲಿನ ಲೆಕ್ಕಕ್ಕೂ ಬರುತ್ತದೆಂದು ತಿಳಿದು ಅವನಿಗೆ ಹಿಗ್ಗು. ಅಲ್ಲಿಂದ ಮುಂದೆ ಪ್ರವಾಸಕ್ಕೆ ಅವನ ವಿರೋಧ ಉಳಿಯಲಿಲ್ಲ. ‘ನಾನೂ ಬರ್ತೀನಿ’ ಎಂದುಬಿಟ್ಟ.

ದಾರಿಯ ಯೋಜನೆ ಬಂದಾಗ ಅಪ್ಪನ ಪಟ್ಟಿ ದೊಡ್ಡದಿತ್ತು. ಒಮ್ಮೆ ಹೊರಟ ಮೇಲೆ ಜೋಗ, ಕೊಲ್ಲೂರು, ಮುರುಡೇಶ್ವರ, ಉಡುಪಿ, ಧರ್ಮಸ್ಥಳ ಎಲ್ಲವನ್ನೂ ಮೂರು ದಿನದಲ್ಲಿ ಮುಗಿಸಿಬಿಡೋಣ ಎಂಬುದು ಅವನ ಲೆಕ್ಕ. ನಮ್ಮ ಹೆಚ್ಚಿನ ಪ್ರವಾಸಗಳು ಹೀಗೆಯೇ ಆಗುತ್ತವೆ. ರಾತ್ರಿಯೆಲ್ಲ ಬಸ್ಸು, ಹಗಲೆಲ್ಲ ಸಾಲು. ಚಾಲಕನಿಗೂ ನಿದ್ದೆಯಿಲ್ಲ, ಮಕ್ಕಳಿಗೂ ನಿದ್ದೆಯಿಲ್ಲ. ಕಡಲ ದಂಡೆಗೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ, ಕಾಯುವವರು ದಣಿದಿರುತ್ತಾರೆ, ಮಕ್ಕಳು ಅರ್ಧ ಗಂಟೆಯಲ್ಲಿ ಎಲ್ಲ ಸಂತೋಷವನ್ನೂ ಬಾಚಿಕೊಳ್ಳಬೇಕೆಂದು ನೀರಿಗೆ ನುಗ್ಗುತ್ತಾರೆ. ಅವಸರ ಎಷ್ಟೋ ಅವಘಡಗಳ ಮೂಲ. ಮಗಳು ಅಪ್ಪನ ಪಟ್ಟಿಯಲ್ಲಿ ಗೆರೆ ಹೊಡೆಯುತ್ತ ಹೋಗಿ ಉಡುಪಿ, ಮಲ್ಪೆ ಎರಡನ್ನೇ ಉಳಿಸಿದಳು. ಹಗಲು ಪಯಣ, ರಾತ್ರಿ ತಂಗುವುದು, ಬೆಳಿಗ್ಗೆ ಬಿಸಿಲೇರುವ ಮೊದಲು ದ್ವೀಪ. ಗೊಣಗುತ್ತಲೇ ಅಪ್ಪ ಒಪ್ಪಿದ. ಲೆಕ್ಕ ಹಾಕಿದಾಗ ಖರ್ಚೂ ಕಡಿಮೆಯಾಗಿತ್ತು.

ಹಗಲು ಪಯಣಕ್ಕೆ ಇನ್ನೊಂದು ಲಾಭವುಂಟು. ಮಾನ್ವಿ, ಸಿಂಧನೂರು, ಹೊಸಪೇಟೆ, ಹರಿಹರ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ದಾಟಿ ಕೆಳಗಿಳಿಯುವ ಈ ದಾರಿ ಭೂಗೋಳದ ಒಂದು ಪಾಠ. ರಾಯಚೂರಿಗೆ ವರ್ಷಕ್ಕೆ ಬೀಳುವ ಮಳೆ 600ರಿಂದ 700 ಮಿ.ಮೀ. ಆಗುಂಬೆಗೆ 7,000 ಮಿ.ಮೀ.ಗೂ ಹೆಚ್ಚು. ಅರಬ್ಬಿ ಸಮುದ್ರದಿಂದ ಬಂದ ಮೋಡ ಪಶ್ಚಿಮ ಘಟ್ಟಕ್ಕೆ ಮೈ ಒರಗಿಸಿ ಇದ್ದಬದ್ದದ್ದನ್ನೆಲ್ಲ ಅಲ್ಲೇ ಸುರಿಸುತ್ತದೆ. ದೋಆಬಿನವರಿಗೆ ಸಿಗುವುದು ಮಿಕ್ಕದ್ದು. ಆದರೆ ಘಟ್ಟದಲ್ಲಿ ಬಿದ್ದ ಮಳೆಯ ಒಂದು ಪಾಲು ತುಂಗೆಯಾಗಿ, ಭದ್ರೆಯಾಗಿ ಪೂರ್ವಕ್ಕೆ ತಿರುಗಿ ಕಾಲುವೆ ಹಿಡಿದು ಸಿಂಧನೂರು, ಮಾನ್ವಿಯ ಗದ್ದೆಗಳಿಗೆ ಬರುತ್ತದೆ. ಹಾಗೆ ನೋಡಿದರೆ ಈ ಕುಟುಂಬ ಹೋಗುವುದು ತನ್ನ ಸೀಮೆಯ ನೀರು ಬಂದ ದಾರಿಯಲ್ಲೇ, ಎದುರು ದಿಕ್ಕಿಗೆ. ಅಟ್ಲಾಸಿನ ಮೇಲೆ ಅಳತೆಪಟ್ಟಿ ಇಟ್ಟರೆ ಇನ್ನೊಂದು ಸಂಗತಿ ಕಾಣುತ್ತದೆ. ನೇರ ಗೆರೆಯಲ್ಲಿ ಚಂದ್ರಬಂಡಕ್ಕೆ ಹತ್ತಿರದ ಕಡಲು ಅರಬ್ಬಿ ಸಮುದ್ರವಲ್ಲ, ಬಂಗಾಳ ಕೊಲ್ಲಿ. ಊರ ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ ಚೀಲ ಮಳೆಗಾಲದಲ್ಲಿ ನದಿ ಸೇರಿದರೆ ಅದರ ಮುಖ ಬಂಗಾಳ ಕೊಲ್ಲಿಯ ಕಡೆಗೆ. ಕಡಲನ್ನೇ ಕಾಣದವರೂ ಕಡಲಿಗೆ ಕಸ ಕಳಿಸಬಲ್ಲರು.

ದ್ವೀಪದಲ್ಲಿ ನೋಡುವುದೇನು? ಅಲ್ಲಿ ಚಿತ್ರದಲ್ಲಿದ್ದಂಥ ಉದ್ದನೆಯ ಬಿಳಿ ಮರಳು ಇಲ್ಲ. ದಂಡೆ ಬಹುಪಾಲು ಚಿಪ್ಪುಗಳ ಚೂರು. ನೋಡಬೇಕಾದದ್ದು ಬಂಡೆ. ಆರು ಮೂಲೆಯ ಪೆನ್ಸಿಲುಗಳನ್ನು ಕಟ್ಟುಕಟ್ಟಾಗಿ ನಿಲ್ಲಿಸಿದಂತೆ ಕಲ್ಲಿನ ಕಂಬಗಳು ಎದ್ದು ನಿಂತಿವೆ. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಏಳು. ಯಾವ ಶಿಲ್ಪಿಯೂ ಕಡೆದದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತದ ಭೂಭಾಗವೂ ಮಡಗಾಸ್ಕರವೂ ಒಂದರಿಂದೊಂದು ಬೇರ್ಪಡುತ್ತಿದ್ದ ಕಾಲದಲ್ಲಿ, ಭೂಮಿಯೊಳಗಿನಿಂದ ಬಂದ ಕಾದ ಶಿಲಾರಸ ಇಲ್ಲಿ ತಣಿಯಿತು. ತಣಿದಾಗ ಕುಗ್ಗಿತು. ಕುಗ್ಗಿದಾಗ ಬಿರಿಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ದ್ವೀಪಕ್ಕೆ ಮೇರಿ ಮಾತೆಯ ಹೆಸರಿಟ್ಟ ಎಂಬುದು ಐತಿಹ್ಯ. ಅವನು ನಿನ್ನೆ ಮೊನ್ನೆಯ ಅತಿಥಿ.

ಕಲ್ಲು ಹೀಗೆ ಬಿರಿಯುವುದು ಹೇಗೆ ಎಂದು ಮಗ ಕೇಳಿದಾಗ ಅಪ್ಪ ಉತ್ತರ ಹೇಳಿದ. ಅವನು ಓದಿದ್ದು ಏಳನೆಯ ತರಗತಿ. ‘ಬ್ಯಾಸಗಿಯಾಗ ನಮ್ಮ ಎರಿಹೊಲ ಬಿರಿಯಂಗಿಲ್ಲೇನು? ಹಂಗ’ ಎಂದ. ಅದೇ ಸರಿಯಾದ ಉತ್ತರ. ಒಣಗಿ ಕುಗ್ಗುವ ಎರೆಮಣ್ಣೂ ತಣಿದು ಕುಗ್ಗುವ ಲಾವಾವೂ ಒಂದೇ ಬಗೆಯಲ್ಲಿ ಒಡೆಯುತ್ತವೆ. ಎಲ್ಲ ಕಡೆಗೂ ಸಮನಾಗಿ ಎಳೆದಾಗ ಬಿರುಕುಗಳು ಮೂರು ಕವಲಾಗಿ, ಸುಮಾರು 120 ಡಿಗ್ರಿ ಕೋನದಲ್ಲಿ ಕೂಡಲು ನೋಡುತ್ತವೆ. ಅಂಥ ಕವಲುಗಳು ಒಂದಕ್ಕೊಂದು ಸೇರಿದರೆ ಆಗುವುದು ಆರು ಮೂಲೆಯ ಆಕಾರ. ಮರುದಿನ ಇಬ್ಬರೂ ಮಕ್ಕಳು ಹೊಲಕ್ಕೆ ಹೋಗಿ ಬಿರುಕುಗಳ ಮೂಲೆ ಎಣಿಸಿ ಬಂದರು. ನಾಲ್ಕು, ಐದು, ಆರು ಎಲ್ಲ ಬಗೆಯವೂ ಸಿಕ್ಕವು. ದ್ವೀಪದಲ್ಲಿ ಎಣಿಸಿ ಇದರ ಪಕ್ಕ ಬರೆಯಬೇಕೆಂದು ಪುಸ್ತಕದಲ್ಲಿ ಒಂದು ಕೋಷ್ಟಕ ಸಿದ್ಧವಾಯಿತು.

ಚಂದ್ರಬಂಡ ಎಂಬ ಹೆಸರಿನ ಮೂಲ ಏನೇ ಇರಲಿ, ಕೇಳಿದವರ ಕಿವಿಗೆ ಅದರಲ್ಲಿ ಚಂದ್ರನೂ ಇದ್ದಾನೆ, ಬಂಡೆಯೂ ಇದೆ. ಕಡಲನ್ನು ಏರಿಸಿ ಇಳಿಸುವ ಚಂದ್ರನ ಲೆಕ್ಕ ಅಜ್ಜನ ಪಂಚಾಂಗದಲ್ಲಿ ಸಿಕ್ಕಿತು. ಬಂಡೆಯ ಲೆಕ್ಕ ಊರ ಸುತ್ತಲೇ ಇದೆ. ರಾಯಚೂರು ಸೀಮೆಯ ಗ್ರಾನೈಟು, ನೈಸ್ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಊರ ಗುಂಡನ್ನು ನೂರು ವರ್ಷದ ಮುದುಕನೆಂದುಕೊಂಡರೆ ಮಲ್ಪೆಯ ಕಂಬಗಳು ಮೂರೂವರೆ ವರ್ಷದ ಕೂಸು. ನಮ್ಮೂರಲ್ಲಿ ನೋಡುವಂಥದೇನಿಲ್ಲ ಎಂದು ಮಕ್ಕಳು ಹೇಳುವಾಗ ಪಾಲಕರು ಈ ಲೆಕ್ಕವನ್ನು ಅವರ ಮುಂದಿಡಬಹುದು.

ಕೊನೆಗೆ ಸಾಮಾನಿನ ಪಟ್ಟಿ. 2002ನ್ನು ವಿಶ್ವಸಂಸ್ಥೆ ಪರಿಸರ ಪ್ರವಾಸೋದ್ಯಮದ ವರ್ಷವೆಂದು ಆಚರಿಸಿತು. ಅಂದಿನಿಂದ ಈ ಶಬ್ದ ಜಾಹೀರಾತುಗಳಲ್ಲಿ ಬೇಕಾದಷ್ಟು ಸವೆದಿದೆ. ಹಸಿರು ಬಣ್ಣದ ಫಲಕ ಹಾಕಿದ ಮಾತ್ರಕ್ಕೆ ಪರಿಸರ ಪ್ರವಾಸ ಆಗುವುದಿಲ್ಲ. ಹೋದ ಜಾಗ ಕೆಡಬಾರದು, ಅಲ್ಲಿಯವರಿಗೆ ನಾಲ್ಕು ಕಾಸು ಸಿಗಬೇಕು, ಹೋದವರು ಏನನ್ನಾದರೂ ಕಲಿತು ಬರಬೇಕು, ಅರ್ಥ ಇಷ್ಟೇ. ದ್ವೀಪದಲ್ಲಿ ಮನೆಗಳಿಲ್ಲ, ಅಂಗಡಿ ಬೀದಿಯಿಲ್ಲ. ಕುಡಿಯುವ ನೀರನ್ನು ಒಯ್ಯಬೇಕು. ಅವ್ವ ಇಪ್ಪತ್ತು ಬಾಟಲಿ ಕೊಳ್ಳುವ ಬದಲು ಹೊಲಕ್ಕೆ ಒಯ್ಯುವ ಸ್ಟೀಲಿನ ಕ್ಯಾನು ತೊಳೆದಿಟ್ಟಳು. ಬುತ್ತಿಗೆ ಸಜ್ಜೆಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎಲ್ಲವೂ ಬಟ್ಟೆಯಲ್ಲಿ. ವಾರ ಇಟ್ಟರೂ ಕೆಡುವುದಿಲ್ಲ, ತಿಂದ ಮೇಲೆ ಎಸೆಯಲು ಏನೂ ಉಳಿಯುವುದಿಲ್ಲ. ಉತ್ತರ ಕರ್ನಾಟಕದ ಬುತ್ತಿ ಪರಿಸರ ಪ್ರವಾಸದ ಮಾತು ಹುಟ್ಟುವ ಮೊದಲೇ ಅದನ್ನು ಪಾಲಿಸುತ್ತಿತ್ತು. ಎರಡನೆಯ ಊಟ ಮಾತ್ರ ಮಲ್ಪೆಯಲ್ಲೇ ಆಗಬೇಕೆಂದು ಅಪ್ಪನ ಹಟ. ಅಲ್ಲಿನ ಮೊಗವೀರರ ಬದುಕು ಕಡಲನ್ನು ನಂಬಿದ್ದು, ತಮ್ಮ ಬದುಕು ಮಳೆಯನ್ನು ನಂಬಿದ್ದು. ಎರಡೂ ಕೈಕೊಡುವಂಥವೇ, ಅವರ ಕೈಗೂ ಒಂದಿಷ್ಟು ರೊಕ್ಕ ಹೋಗಲಿ ಎಂಬುದು ಅವನ ವಾದ.

ತರುವ ಸಾಮಾನಿನ ಪಟ್ಟಿಯ ಬಗ್ಗೆ ಅಕ್ಕ ತಮ್ಮಂದಿರಿಗೆ ಜಗಳವಾಯಿತು. ಗೆಳೆಯರಿಗೆ ಒಂದು ಚೀಲ ಚಿಪ್ಪು ತರುತ್ತೇನೆಂದು ತಮ್ಮ ಮಾತು ಕೊಟ್ಟಿದ್ದ. ಅಕ್ಕ ಲೆಕ್ಕ ಹಾಕಿಸಿದಳು. ದಿನಕ್ಕೆ ಸಾವಿರ ಜನ ಬರುತ್ತಾರೆಂದು ಇಟ್ಟುಕೋ. ಒಬ್ಬೊಬ್ಬರು 50 ಗ್ರಾಂ ಚಿಪ್ಪು ಒಯ್ದರೆ ದಿನಕ್ಕೆ 50 ಕಿಲೋ. ವರ್ಷದಲ್ಲಿ 200 ದಿನ ದೋಣಿ ಹೋದರೆ 10 ಟನ್. ಹತ್ತು ವರ್ಷಕ್ಕೆ 100 ಟನ್. ದಂಡೆಯೇ ಚಿಪ್ಪಿನದಾದರೆ ಮುಂದೆ ದಂಡೆ ಎಲ್ಲಿರುತ್ತದೆ? ಖಾಲಿ ಚಿಪ್ಪೆಂದು ನಾವು ಎತ್ತಿಕೊಳ್ಳುವುದು ಇನ್ನೊಂದು ಜೀವಿಗೆ ಮನೆಯೂ ಹೌದು. ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ. ಬೆಳೆದಂತೆಲ್ಲ ದೊಡ್ಡ ಖಾಲಿ ಚಿಪ್ಪು ಹುಡುಕಿ ಒಳಸೇರುತ್ತದೆ. ಕೆಲವು ಬಗೆಯ ಶಂಖ, ಚಿಪ್ಪುಗಳನ್ನೂ ಹವಳವನ್ನೂ ಒಯ್ಯುವುದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ತಡೆಯುತ್ತದೆ. ತಮ್ಮ ಬಹಳ ಹೊತ್ತು ಯೋಚಿಸಿ, ಚೀಲ ಒಯ್ಯುವುದು ನಿಜ, ಆದರೆ ಅಲ್ಲಿ ಬಿದ್ದ ಪ್ಲಾಸ್ಟಿಕ್ ತುಂಬಿಕೊಂಡು ಬರಲು ಎಂದು ತಿದ್ದಿ ಬರೆದ. ಗೆಳೆಯರಿಗೆ ಕೊಡಲು ಬಿರುಕಿನ ಮೂಲೆಗಳ ಕೋಷ್ಟಕ ಇದ್ದೇ ಇತ್ತು.

ಹೊರಡಲು ಇನ್ನೂ ಮೂರು ವಾರವಿದ್ದಾಗ ಆ ನೋಟುಬುಕ್ಕು ಓಣಿಯಲ್ಲಿ ಒಂದು ಸುತ್ತು ಬಂತು. ಇನ್ನೊಂದು ಮನೆಯವರು ತಾವೂ ಬರುತ್ತೇವೆಂದರು. ಮತ್ತೊಂದು ಮನೆಯವರು ಷರತ್ತುಗಳ ಪುಟವನ್ನು ನಕಲು ಮಾಡಿಕೊಂಡರು. ಕಡಲು ಕಾಣದೆಯೇ ಮಕ್ಕಳು ಉಬ್ಬರವಿಳಿತ ಕಲಿತಿದ್ದರು, ಸೆಳವು ಕಲಿತಿದ್ದರು, ಕಲ್ಲಿನ ವಯಸ್ಸು ಕಲಿತಿದ್ದರು. ಬಸ್ಸು ಹತ್ತುವ ಮೊದಲೇ ಪ್ರವಾಸದ ಅರ್ಧ ಲಾಭ ಕೈಗೆ ಬಂದಿತ್ತು. ಪರೀಕ್ಷೆಗೆ ಓದಿದ್ದು ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ. ಹೋಗಬೇಕಾದ ಊರಿಗಾಗಿ ಓದಿದ್ದು ಹಾಗೆ ಮರೆಯುವುದಿಲ್ಲ.

ಕೊನೆಯ ಪುಟದ ಕೊನೆಯ ಸಾಲನ್ನು ಅವ್ವ ತಾನೇ ಬರೆದಳು. ಅಕ್ಷರ ದುಂಡಗಿಲ್ಲ, ಆದರೆ ಸ್ಪಷ್ಟ. ‘ದೋಣಿಯವರು ಇವತ್ತು ಬೇಡ ಅಂದರೆ ವಾದ ಮಾಡಬಾರದು. ದಂಡೆಯ ಮೇಲೆ ಕೂತು ಕಡಲು ನೋಡಿ, ಬುತ್ತಿ ಉಂಡು ವಾಪಸು ಬರುವುದು.’ ಅದರ ಕೆಳಗೆ ಅಪ್ಪ ಸಹಿ ಮಾಡಿದ. ಅಜ್ಜ ಹೆಬ್ಬೆಟ್ಟು ಒತ್ತಲು ಶಾಯಿ ಕೇಳಿದ.